ಎಸ್‌ಡಿಎಂಸಿ ಅಧ್ಯಕ್ಷರ ಕೆಲಸ: ಹೊಸದಾಗಿ ಹೊಣೆ ಹೊತ್ತ ಪೋಷಕರಿಗೆ ಒಂದು ಮಾರ್ಗದರ್ಶಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೋಷಕರು ಮತ್ತು ಶಿಕ್ಷಕರು ಒಟ್ಟಾಗಿ ಕುಳಿತು ತೀರ್ಮಾನ ಮಾಡಬೇಕಾದ ವೇದಿಕೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. ಇದರ ಅಧ್ಯಕ್ಷರಿಗೆ ಸಂಬಳವಿಲ್ಲ, ಕಚೇರಿಯಿಲ್ಲ, ಸಹಾಯಕರೂ ಇಲ್ಲ. ಅಧ್ಯಕ್ಷರು ಅದೇ ಶಾಲೆಯಲ್ಲಿ ಓದುವ ಮಗುವಿನ ತಾಯಿಯೋ ತಂದೆಯೋ ಆಗಿದ್ದು, ತಮ್ಮ ಹೊಲ, ಅಂಗಡಿ, ಕೂಲಿ ಅಥವಾ ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಈ ಕೆಲಸ ಮಾಡುತ್ತಾರೆ. ಆದರೂ ಕಾನೂನು ಅವರಿಗೆ ಕೊಟ್ಟಿರುವ ಅಧಿಕಾರ ಸಣ್ಣದಲ್ಲ. ಆ ಅಧಿಕಾರವನ್ನು ಶಾಲೆಯ ಮಕ್ಕಳಿಗೆ ಪ್ರಯೋಜನವಾಗುವಂತೆ ಬಳಸುವುದು ಹೇಗೆಂಬುದನ್ನು, ಮೊದಲ ಬಾರಿಗೆ ಆಯ್ಕೆಯಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲು ಹಿನ್ನೆಲೆ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ರಾಜ್ಯ ಸರ್ಕಾರ 2001ರಲ್ಲಿ ಆದೇಶ ಹೊರಡಿಸಿ, ಹಿಂದಿದ್ದ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲೆಗೊಂದರಂತೆ ಈ ಸಮಿತಿಗಳನ್ನು ರಚಿಸಿತು. 2006ರಲ್ಲಿ ಪಂಚಾಯತ್ ರಾಜ್ ಕಾನೂನಿನಡಿ ಮಾದರಿ ಉಪವಿಧಿಗಳು ಬಂದವು. ಅನಂತರ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 21ನೆಯ ಕಲಮಿನಲ್ಲಿ ಇಂತಹ ಸಮಿತಿಯನ್ನು ದೇಶದ ಎಲ್ಲ ಸರ್ಕಾರಿ ಶಾಲೆಗಳಿಗೂ ಕಡ್ಡಾಯ ಮಾಡಿತು. ಸಮಿತಿಯ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಿರಬೇಕು, ಅವಕಾಶವಂಚಿತ ಹಾಗೂ ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಸಿಗಬೇಕು ಎಂದು ಆ ಕಲಮು ಹೇಳುತ್ತದೆ. ಕರ್ನಾಟಕದಲ್ಲಿ ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿಗಳಾಗಿರುತ್ತಾರೆ. ಅಧ್ಯಕ್ಷರು ಮಾತ್ರ ಪೋಷಕರೇ ಆಗಿರಬೇಕು. ಅನುದಾನಿತ ಶಾಲೆಗಳಲ್ಲಿ ಇಂತಹ ಸಮಿತಿಯ ಪಾತ್ರ ಸಲಹೆ ನೀಡುವುದಕ್ಕೆ ಸೀಮಿತವಾಗಿದೆ. ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೆಯ ಕಲಮು ಅನ್ವಯಿಸುವುದಿಲ್ಲ. ಆದುದರಿಂದ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸಂಬಂಧಿಸಿದ್ದು.

ಕಾಯ್ದೆಯು ಸಮಿತಿಗೆ ಸ್ಪಷ್ಟವಾಗಿ ಮೂರು ಕೆಲಸಗಳನ್ನು ಒಪ್ಪಿಸಿದೆ: ಶಾಲೆ ಹೇಗೆ ನಡೆಯುತ್ತಿದೆ ಎಂಬುದರ ಮೇಲೆ ನಿಗಾ ಇಡುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು, ಸರ್ಕಾರದಿಂದಾಗಲಿ ಸ್ಥಳೀಯ ಸಂಸ್ಥೆಯಿಂದಾಗಲಿ ಬೇರೆ ಮೂಲದಿಂದಾಗಲಿ ಬಂದ ಅನುದಾನದ ಬಳಕೆಯನ್ನು ಗಮನಿಸುವುದು. ಧ್ವಜಾರೋಹಣದ ದಿನ ವೇದಿಕೆಯಲ್ಲಿ ಕೂರುವುದೂ ಅತಿಥಿಗಳಿಗೆ ಹಾರ ಹಾಕುವುದೂ ಈ ಪಟ್ಟಿಯಲ್ಲಿಲ್ಲ. ಅವುಗಳನ್ನು ಮಾಡಬಾರದೆಂದಲ್ಲ, ಆದರೆ ವರ್ಷದ ಕೊನೆಗೆ ಅಧ್ಯಕ್ಷರ ನೆನಪಿನಲ್ಲಿ ಅವಷ್ಟೇ ಉಳಿದಿದ್ದರೆ ಆ ವರ್ಷ ಸಮಿತಿ ಕೆಲಸ ಮಾಡಿಲ್ಲವೆಂದೇ ಅರ್ಥ.

ಆಯ್ಕೆಯಾದ ಮೊದಲ ವಾರಗಳಲ್ಲಿ

ಅಧ್ಯಕ್ಷರಾದ ಕೂಡಲೇ ಯಾವ ಹೊಸ ಕೆಲಸಕ್ಕೂ ಕೈಹಾಕದೆ, ಹಿಂದಿನ ಸಮಿತಿಯ ದಾಖಲೆಗಳನ್ನು ಮುಖ್ಯ ಶಿಕ್ಷಕರ ಜೊತೆ ಕುಳಿತು ನಿಧಾನವಾಗಿ ಓದಿರಿ. ನಡಾವಳಿ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ವೋಚರ್ ಕಡತ, ದಾಸ್ತಾನು ವಹಿ, ಬಿಸಿಯೂಟದ ವಹಿಗಳು, ಕಳೆದ ವರ್ಷದ ಶಾಲಾ ಅಭಿವೃದ್ಧಿ ಯೋಜನೆ ಇವಿಷ್ಟನ್ನು ನೋಡಲೇಬೇಕು. ನಿಮಗೆ ಓದು ಬರಹ ಅಷ್ಟಾಗಿ ಬಾರದಿದ್ದರೆ ಅದಕ್ಕಾಗಿ ಸಂಕೋಚಪಡಬೇಕಾಗಿಲ್ಲ. ನಂಬಿಕೆಯ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದೊಂದು ಪುಟವನ್ನೂ ಗಟ್ಟಿಯಾಗಿ ಓದಿಸಿ ಕೇಳಿರಿ. ಅಕ್ಷರ ಬಾರದಿದ್ದರೂ ಒಂದು ರೂಪಾಯಿಯ ಲೆಕ್ಕ ತಪ್ಪಲು ಬಿಡದ ತಾಯಂದಿರನ್ನು ನಾನು ಈ ಸ್ಥಾನದಲ್ಲಿ ಕಂಡಿದ್ದೇನೆ.

ಹಿಂದಿನ ನಡಾವಳಿಗಳನ್ನು ಓದುವಾಗ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಿರಿ. ಯಾವ ಠರಾವುಗಳು ಮತ್ತೆ ಮತ್ತೆ ಬರೆಯಲ್ಪಟ್ಟಿವೆ? ‘ಕೊಠಡಿಯ ಸೂರು ಸೋರುತ್ತಿದೆ, ದುರಸ್ತಿಗೆ ಮನವಿ ಸಲ್ಲಿಸಲು ತೀರ್ಮಾನಿಸಲಾಯಿತು’ ಎಂಬ ಸಾಲು ಮೂರು ಮಳೆಗಾಲಗಳಲ್ಲಿಯೂ ಕಾಣಿಸಿಕೊಂಡಿದ್ದರೆ, ಸಮಿತಿ ತೀರ್ಮಾನಿಸಿದೆಯೇ ಹೊರತು ಬೆನ್ನು ಹತ್ತಿಲ್ಲ. ನಿಮ್ಮ ಕೆಲಸ ಆರಂಭವಾಗಬೇಕಾದದ್ದು ಅಂತಹ ಸಾಲುಗಳಿಂದ.

ಅದಾದ ಮೇಲೆ ಶಾಲೆಯ ಸಮಯದಲ್ಲಿ ಒಂದು ಇಡೀ ದಿನ ಶಾಲೆಯಲ್ಲಿರಲು ಮುಖ್ಯ ಶಿಕ್ಷಕರ ಒಪ್ಪಿಗೆ ಕೇಳಿರಿ. ತರಗತಿಯ ಬಾಗಿಲಲ್ಲಿ ನಿಂತು ಶಿಕ್ಷಕರ ಪಾಠದ ಗುಣಮಟ್ಟ ಅಳೆಯಲು ಅಲ್ಲ. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಒಂದು ಮಗು ಎಲ್ಲಿ ಕೂರುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಶೌಚಕ್ಕೆ ಎಲ್ಲಿಗೆ ಹೋಗುತ್ತದೆ, ಊಟಕ್ಕೆ ಯಾರ ಪಕ್ಕ ಕೂರುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದಕ್ಕೆ. ಶೌಚಾಲಯದ ಕಟ್ಟಡವಿದೆ ಎಂದು ದಾಖಲೆ ಹೇಳುತ್ತದೆ. ಅದರೊಳಗೆ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕವಿದೆಯೇ, ಹೆಣ್ಣುಮಕ್ಕಳು ಅದನ್ನು ನಿಜವಾಗಿಯೂ ಬಳಸುತ್ತಿದ್ದಾರೆಯೇ ಎಂಬುದು ಹೋಗಿ ನೋಡಿದವರಿಗಷ್ಟೇ ತಿಳಿಯುತ್ತದೆ.

ಸಭೆ

ಸಮಿತಿಯ ಜೀವ ಇರುವುದು ಅದರ ಸಭೆಯಲ್ಲಿ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಅನೇಕ ಕಡೆ ಸಭೆ ನಡೆಯುವುದೇ ಇಲ್ಲ. ನಡಾವಳಿ ಪುಸ್ತಕವನ್ನು ಯಾರಾದರೊಬ್ಬ ಹುಡುಗನ ಕೈಯಲ್ಲಿ ಮನೆಮನೆಗೆ ಕಳುಹಿಸಿ, ಅಡುಗೆಮನೆಯಲ್ಲಿಯೋ ಕಣದಲ್ಲಿಯೋ ಇರುವ ಸದಸ್ಯರಿಂದ ಸಹಿ ಅಥವಾ ಹೆಬ್ಬೆಟ್ಟು ಪಡೆದು, ಅನಂತರ ಖಾಲಿ ಬಿಟ್ಟ ಜಾಗದಲ್ಲಿ ತೀರ್ಮಾನಗಳನ್ನು ಬರೆಯಲಾಗುತ್ತದೆ. ಮಹಿಳಾ ಸದಸ್ಯರ ಬದಲು ಅವರ ಗಂಡಂದಿರು ಬಂದು ಕೂರುವುದೂ ಇದರ ಇನ್ನೊಂದು ರೂಪ. ಅಧ್ಯಕ್ಷರಾಗಿ ನೀವು ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯವೆಂದಿದ್ದರೆ, ಅದು ಇದೇ ಆಗಿರಲಿ: ಸಭೆ ನಡೆಯದೆ ಯಾವ ಸಹಿಯೂ ಬೀಳಬಾರದು, ಮತ್ತು ಆಯ್ಕೆಯಾದವರ ಬದಲು ಮತ್ತೊಬ್ಬರು ಕೂರಬಾರದು.

ಸಭೆಗೆ ಜನ ಬಾರದಿರುವುದಕ್ಕೆ ನಿರಾಸಕ್ತಿಯೇ ಕಾರಣವೆಂದು ತಿಳಿಯುವುದು ತಪ್ಪು. ಬೆಳಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿಗೆ ಹೋಗುವ ತಾಯಿ ಆ ದಿನದ ಸಂಬಳವನ್ನೇ ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ ದಿನ ಮತ್ತು ಹೊತ್ತನ್ನು ಊರಿನ ದುಡಿಮೆಯ ಲಯಕ್ಕೆ ಹೊಂದಿಸಿ ಗೊತ್ತುಮಾಡಿರಿ. ಸೋಮವಾರ ಎತ್ತು ಹೂಡದ ಊರುಗಳಿವೆ. ಅಮಾವಾಸ್ಯೆಯ ದಿನ ಹೊಲದ ಕೆಲಸಕ್ಕೆ ಬಿಡುವಿರುವ ಊರುಗಳಿವೆ. ಸಂತೆಯ ದಿನ ಮಧ್ಯಾಹ್ನದ ನಂತರ ಎಲ್ಲರೂ ಊರಿನಲ್ಲಿಯೇ ಇರುವ ಊರುಗಳೂ ಇವೆ. ಕಾಫಿ ಸೀಮೆಯಲ್ಲಿ ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಸಂಜೆಯ ಹೊತ್ತಿಗಲ್ಲದೆ ಯಾರೂ ಸಿಗಲಾರರು. ಒಮ್ಮೆ ದಿನವನ್ನು ನಿಶ್ಚಯಿಸಿದ ಮೇಲೆ, ಉದಾಹರಣೆಗೆ ಪ್ರತಿ ತಿಂಗಳ ಎರಡನೆಯ ಸೋಮವಾರ ಸಂಜೆ ನಾಲ್ಕೂವರೆ ಎಂದು ಗೊತ್ತುಮಾಡಿದ ಮೇಲೆ, ಅದನ್ನು ಬದಲಿಸಬೇಡಿರಿ. ತಿಂಗಳಿಗೊಂದು ಸಭೆಯೆಂಬುದು ಶಿಕ್ಷಣ ಹಕ್ಕಿನ ಕೇಂದ್ರದ ಮಾದರಿ ನಿಯಮಗಳಲ್ಲಿಯೇ ಇರುವ ಮಾತು. ನಡಾವಳಿಯು ಸಾರ್ವಜನಿಕರಿಗೆ ನೋಡಲು ಸಿಗುವಂತಿರಬೇಕೆಂದೂ ಅವು ಹೇಳುತ್ತವೆ.

ಸಭಾ ಸೂಚನೆಯನ್ನು ಕನಿಷ್ಠ ಒಂದು ವಾರ ಮೊದಲು ಕಾರ್ಯಸೂಚಿಯೊಂದಿಗೆ ತಲುಪಿಸಿರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಎಲ್ಲರಿಗೂ ತಲುಪಿತೆಂದು ಭಾವಿಸುವಂತಿಲ್ಲ, ಏಕೆಂದರೆ ಮನೆಯ ಒಂದೇ ಫೋನು ಬಹುತೇಕ ಗಂಡಸರ ಜೇಬಿನಲ್ಲಿರುತ್ತದೆ. ಮಗುವಿನ ಡೈರಿಯಲ್ಲಿ ಚೀಟಿ ಅಂಟಿಸಿ ಕಳುಹಿಸುವುದು ಹಳೆಯ ಕ್ರಮವಾದರೂ ಹೆಚ್ಚು ಖಚಿತವಾದದ್ದು. ಕಾರ್ಯಸೂಚಿಯಲ್ಲಿ ನಾಲ್ಕೈದು ವಿಷಯಗಳಿಗಿಂತ ಹೆಚ್ಚು ಬೇಡ. ಮೊದಲನೆಯದು ಯಾವಾಗಲೂ ಕಳೆದ ಸಭೆಯ ತೀರ್ಮಾನಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಎಂಬುದಾಗಿರಲಿ. ಎರಡನೆಯದು ಮಕ್ಕಳ ಹಾಜರಾತಿ ಮತ್ತು ಕಲಿಕೆ. ಹಣ, ಕಟ್ಟಡ, ಸಮಾರಂಭಗಳು ಅನಂತರ ಬರಲಿ. ಈ ಅನುಕ್ರಮವನ್ನು ಪಾಲಿಸದಿದ್ದರೆ ಏನಾಗುತ್ತದೆಂಬುದು ಗೊತ್ತಿರುವುದೇ: ಗೇಟಿಗೆ ಯಾವ ಬಣ್ಣವೆಂಬ ಚರ್ಚೆಯಲ್ಲಿ ಸಂಜೆ ಕಳೆದು, ಐದನೆಯ ತರಗತಿಯ ಮಕ್ಕಳು ಓದಬಲ್ಲರೇ ಎಂಬ ಪ್ರಶ್ನೆ ಮುಂದಿನ ತಿಂಗಳಿಗೆ ಹೋಗುತ್ತದೆ.

ಸಭೆಯಲ್ಲಿ ಕೂರುವ ರೀತಿಗೂ ಅರ್ಥವಿದೆ. ಶಿಕ್ಷಕರು ಮತ್ತು ಪಂಚಾಯಿತಿ ಸದಸ್ಯರು ಕುರ್ಚಿಯಲ್ಲಿ, ತಾಯಂದಿರು ಜಮಖಾನೆಯ ಮೇಲೆ ಎಂಬ ಏರ್ಪಾಡಿನಲ್ಲಿ ಕೆಳಗೆ ಕುಳಿತವರು ಮಾತನಾಡುವುದಿಲ್ಲ. ಎಲ್ಲರಿಗೂ ಕುರ್ಚಿ ಸಾಲದಿದ್ದರೆ ಎಲ್ಲರೂ ಕೆಳಗೇ ದುಂಡಗೆ ಕುಳಿತುಕೊಳ್ಳಿರಿ. ಪ್ರತಿಯೊಂದು ವಿಷಯದ ಮೇಲೂ ಮೊದಲು ಪೋಷಕರನ್ನು, ಅದರಲ್ಲಿಯೂ ಇದುವರೆಗೆ ಬಾಯಿ ತೆರೆಯದವರನ್ನು, ಹೆಸರು ಹಿಡಿದು ಗೌರವದಿಂದ ಕೇಳಿರಿ: ‘ಲಕ್ಷ್ಮಮ್ಮನವರೇ, ನಿಮ್ಮ ಮನೆಯ ಕಡೆಯ ಮಕ್ಕಳು ಯಾಕೆ ಬರುತ್ತಿಲ್ಲ?’ ತಾಂಡಾದಿಂದ ಬಂದ ಸದಸ್ಯರಿಗೆ ಲಂಬಾಣಿಯಲ್ಲಿ, ಗಡಿಭಾಗದವರಿಗೆ ಅವರ ಮನೆಮಾತಿನಲ್ಲಿ ಮಾತಾಡಲು ಅವಕಾಶವಿರಲಿ. ನಡಾವಳಿಯನ್ನು ಕನ್ನಡದಲ್ಲಿ ಬರೆದುಕೊಂಡರಾಯಿತು. ಮುಗಿಯುವ ಮೊದಲು ಬರೆದ ತೀರ್ಮಾನಗಳನ್ನು ಓದಿಸಿ, ಪ್ರತಿಯೊಂದರ ಮುಂದೆ ಯಾರು, ಎಂದಿನೊಳಗೆ ಎಂಬುದನ್ನು ನಮೂದಿಸಿ, ಅನಂತರವೇ ಸಹಿ ಪಡೆಯಿರಿ. ಖಾಲಿ ಉಳಿದ ಸಾಲುಗಳಿಗೆ ಗೀಟು ಎಳೆಯುವುದನ್ನು ಮರೆಯಬೇಡಿರಿ.

ಮುಖ್ಯ ಶಿಕ್ಷಕರೊಂದಿಗೆ

ಅಧ್ಯಕ್ಷರು ಶಿಕ್ಷಕರ ಮೇಲಧಿಕಾರಿಯಲ್ಲ, ಮುಖ್ಯ ಶಿಕ್ಷಕರು ಅಧ್ಯಕ್ಷರ ಗುಮಾಸ್ತರೂ ಅಲ್ಲ. ಇಬ್ಬರೂ ಒಂದೇ ಖಾತೆಗೆ ಜಂಟಿಯಾಗಿ ಸಹಿ ಹಾಕುವವರು, ಒಂದೇ ಯೋಜನೆಗೆ ಹೊಣೆಗಾರರು. ಹಾಜರಾತಿ ಪುಸ್ತಕ ಹಿಡಿದು ಶಿಕ್ಷಕರನ್ನು ಮಕ್ಕಳ ಎದುರಿಗೆ ಪ್ರಶ್ನಿಸಿದ ಅಧ್ಯಕ್ಷರು ಆ ಶಾಲೆಯಲ್ಲಿ ಮತ್ತೆಂದೂ ಸಹಕಾರ ಪಡೆಯಲಾರರು. ಶಿಕ್ಷಕರ ಬಗ್ಗೆ ದೂರಿದ್ದರೆ ಮೊದಲು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಮೂರನೆಯವರಿಲ್ಲದೆ ಮಾತನಾಡಿರಿ. ಸರಿಹೋಗದಿದ್ದರೆ ಸಭೆಯಲ್ಲಿ ಚರ್ಚಿಸಿ ಸಿ.ಆರ್.ಪಿ.ಯವರ (ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿಯ) ಗಮನಕ್ಕೆ ತನ್ನಿರಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ.

ಶಿಕ್ಷಕರ ಪರವಾಗಿ ನಿಲ್ಲಬೇಕಾದ ಸಂದರ್ಭಗಳೂ ಇವೆ, ಮತ್ತು ಅವು ಕಡಿಮೆಯೇನಿಲ್ಲ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕೆಲಸಗಳನ್ನು ಬಿಟ್ಟರೆ ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಹೇಳುತ್ತದೆ. ನಿಮ್ಮ ಶಾಲೆಯ ಶಿಕ್ಷಕರು ತಿಂಗಳಲ್ಲಿ ಎಷ್ಟು ದಿನ ಸಮೀಕ್ಷೆ, ತರಬೇತಿ, ಮಾಹಿತಿ ತುಂಬುವ ಕೆಲಸಗಳಿಗಾಗಿ ತರಗತಿಯಿಂದ ಹೊರಗಿದ್ದರು ಎಂಬುದನ್ನು ಮುಖ್ಯ ಶಿಕ್ಷಕರಿಂದ ಪ್ರತಿ ಸಭೆಯಲ್ಲಿ ಕೇಳಿ ಬರೆಯಿಸಿರಿ. ಈ ಪ್ರಶ್ನೆಯನ್ನು ಮೇಲಿನ ಕಚೇರಿಗೆ ಕೇಳುವುದು ಶಿಕ್ಷಕರಿಗೆ ಕಷ್ಟ. ಪೋಷಕರ ಸಮಿತಿಗೆ ಅದು ಸಹಜವಾದ ಹಕ್ಕು.

ಹುದ್ದೆಗಳ ಲೆಕ್ಕವನ್ನೂ ತಿಳಿದಿರಬೇಕು. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. ಆರರಿಂದ ಎಂಟನೆಯ ತರಗತಿಗಳಲ್ಲಿ 35 ಮಕ್ಕಳಿಗೆ ಕನಿಷ್ಠ ಒಬ್ಬರಂತೆ ಇರುವುದಲ್ಲದೆ, ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆಗಳಿಗೆ ಒಬ್ಬೊಬ್ಬರಾದರೂ ಇರಬೇಕು. ಕೊರತೆಯಿದ್ದರೆ ಜೂನ್ ಮೊದಲ ವಾರದಲ್ಲಿಯೇ ಅತಿಥಿ ಶಿಕ್ಷಕರಿಗಾಗಿ ಠರಾವು ಮಾಡಿ ಕಳುಹಿಸಿರಿ. ಅರ್ಧ ವರ್ಷ ಕಳೆದ ಮೇಲೆ ಬಂದ ಅತಿಥಿ ಶಿಕ್ಷಕರು ಪಠ್ಯ ಮುಗಿಸಲು ಓಡಬೇಕಾಗುತ್ತದೆ, ಮಕ್ಕಳು ಅವರ ಹಿಂದೆ ಏದುಸಿರು ಬಿಡಬೇಕಾಗುತ್ತದೆ.

ಮಕ್ಕಳು ಓದುತ್ತಿದ್ದಾರೆಯೇ

ಸಮಿತಿಗಳು ಅತ್ಯಂತ ಹಿಂಜರಿಯುವುದು ಈ ಪ್ರಶ್ನೆಯ ಮುಂದೆ. ‘ಪಾಠದ ವಿಷಯ ಮೇಷ್ಟ್ರಿಗೆ ಬಿಟ್ಟದ್ದು, ನಮಗೇನು ತಿಳಿಯುತ್ತದೆ’ ಎಂದು ಪೋಷಕರು ಹಿಂದೆ ಸರಿಯುತ್ತಾರೆ. ಹೇಗೆ ಕಲಿಸಬೇಕೆಂಬುದು ಶಿಕ್ಷಕರಿಗೆ ಬಿಟ್ಟದ್ದೇ ಸರಿ. ಕಲಿಯಿತೇ ಎಂದು ಕೇಳುವುದು ಮಾತ್ರ ಪೋಷಕರ ಕೆಲಸ, ಮತ್ತು ಅದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ.

ಒಂದರಿಂದ ಮೂರನೆಯ ತರಗತಿಯವರೆಗಿನ ನಲಿಕಲಿ ಕೊಠಡಿಯಲ್ಲಿ ಪ್ರತಿಯೊಂದು ಮಗುವೂ ಯಾವ ಮೈಲಿಗಲ್ಲಿನವರೆಗೆ ಬಂದಿದೆಯೆಂದು ತೋರಿಸುವ ಪ್ರಗತಿ ನೋಟವಿರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ತೊಡಗಿ ರೂಪಿಸಿದ ಈ ಪದ್ಧತಿಯಲ್ಲಿ ಮಗುವು ತನ್ನ ವೇಗದಲ್ಲಿ ಮುಂದೆ ಹೋಗಬಹುದು. ಆದರೆ ಒಂದೇ ಕಡೆ ತಿಂಗಳುಗಟ್ಟಲೆ ನಿಂತುಬಿಡಬಾರದು. ಪ್ರಗತಿ ನೋಟವನ್ನು ಓದಿ ತೋರಿಸುವಂತೆ ಶಿಕ್ಷಕರನ್ನು ವಿನಂತಿಸಿಕೊಂಡು, ಎರಡು ತಿಂಗಳಿನಿಂದ ಕದಲದ ಮಕ್ಕಳು ಯಾರು, ಅವರಿಗೆ ಏನು ಬೇಕಾಗಿದೆ ಎಂದು ಕೇಳಿರಿ. ಅನೇಕ ಬಾರಿ ಉತ್ತರ ಶಾಲೆಯೊಳಗಿರುವುದಿಲ್ಲ. ಮಗುವಿಗೆ ಕಣ್ಣು ಸರಿಯಾಗಿ ಕಾಣದಿರಬಹುದು, ಕಿವಿ ಸೋರುತ್ತಿರಬಹುದು, ತಮ್ಮನನ್ನು ನೋಡಿಕೊಳ್ಳಲು ವಾರದಲ್ಲಿ ಮೂರು ದಿನ ಮನೆಯಲ್ಲಿಯೇ ಉಳಿಯುತ್ತಿರಬಹುದು. ಇವುಗಳನ್ನು ಸರಿಪಡಿಸಲು ಶಿಕ್ಷಕರಿಗಿಂತ ನೆರೆಮನೆಯ ಪೋಷಕ ಸದಸ್ಯರಿಗೆ ಹೆಚ್ಚು ಸಾಧ್ಯ.

ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಇನ್ನೂ ಸರಳವಾದ ದಾರಿಯಿದೆ. ಎರಡನೆಯ ತರಗತಿಯ ಪುಸ್ತಕದ ಒಂದು ಪುಟವನ್ನು ಮಗುವು ತಡವರಿಸದೆ ಓದಿ, ಅದರಲ್ಲಿ ಏನಿದೆಯೆಂದು ತನ್ನ ಮಾತಿನಲ್ಲಿ ಹೇಳಬಲ್ಲದೇ ಎಂಬುದನ್ನು ಶಿಕ್ಷಕರೇ ತರಗತಿಯಲ್ಲಿ ನೋಡಿ, ಹೆಸರುಗಳಿಲ್ಲದೆ ಸಂಖ್ಯೆಯನ್ನು ಮಾತ್ರ ಸಭೆಗೆ ತಿಳಿಸಲಿ. ಸಂಖ್ಯೆ ಕಡಿಮೆಯಿದ್ದರೆ ಅದು ಶಿಕ್ಷಕರ ಮೇಲಿನ ಆರೋಪವಾಗಬಾರದು. ಹಾಗಾದರೆ ಮುಂದಿನ ಬಾರಿ ನಿಜವಾದ ಸಂಖ್ಯೆ ಸಿಗುವುದಿಲ್ಲ. ಸಂಜೆಯ ಓದಿಗೆ ಒಂದು ಕೊಠಡಿ ತೆರೆದಿಡುವುದು, ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ಕಥೆಪುಸ್ತಕಗಳನ್ನು ತರಿಸುವುದು, ಊರಿನಲ್ಲಿ ಪದವಿ ಓದುತ್ತಿರುವ ಯುವತಿಯರನ್ನು ವಾರಕ್ಕೆರಡು ದಿನ ಮಕ್ಕಳ ಜೊತೆ ಕುಳಿತು ಓದಿಸಲು ಒಪ್ಪಿಸುವುದು, ಇವು ಸಮಿತಿಯ ಕೈಯಲ್ಲಿಯೇ ಇರುವ ಪರಿಹಾರಗಳು. ಇಲಾಖೆಯು ನಡೆಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪೋಷಕರು ಅಂಕಪಟ್ಟಿಗೆ ಸಹಿ ಹಾಕಿ ಹೊರಟುಹೋಗದೆ, ತಮ್ಮ ಮಗು ಓದುವುದನ್ನು ಕೇಳಿಯೇ ಹೋಗುವಂತೆ ನೋಡಿಕೊಳ್ಳಿರಿ.

ಹಾಜರಾತಿಯ ವಿಷಯದಲ್ಲಿ ವಲಸೆ ಹೋಗುವ ಕುಟುಂಬಗಳ ಮಕ್ಕಳನ್ನು ಪ್ರತ್ಯೇಕವಾಗಿ ಗಮನಿಸಬೇಕು. ಕಲ್ಯಾಣ ಕರ್ನಾಟಕದ ಅನೇಕ ಊರುಗಳಿಂದ ಸುಗ್ಗಿಯ ನಂತರ ಬೆಂಗಳೂರು, ಮುಂಬೈ, ಗೋವೆಗಳಿಗೆ ಅಥವಾ ಕಬ್ಬು ಕಡಿಯಲು ಹೋಗುವವರು ಮಕ್ಕಳನ್ನೂ ಕರೆದೊಯ್ಯುತ್ತಾರೆ. ಹೊರಡುವ ಮೊದಲೇ ಆ ಮನೆಗಳ ಪಟ್ಟಿ ಸಮಿತಿಯಲ್ಲಿದ್ದರೆ, ಅಜ್ಜ ಅಜ್ಜಿಯರ ಬಳಿಯೋ ವಸತಿನಿಲಯದಲ್ಲಿಯೋ ಮಗುವನ್ನು ಬಿಟ್ಟುಹೋಗುವಂತೆ ಮಾತನಾಡಲು ಸಮಯ ಸಿಗುತ್ತದೆ. ಲಾರಿ ಹೊರಟ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ಹಣ ಮತ್ತು ಯೋಜನೆ

ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಶಾಲೆಗಳಿಗೆ ಸಂಯುಕ್ತ ಶಾಲಾ ಅನುದಾನವಿದೆ. ದಾಖಲಾತಿ 30ರವರೆಗಿದ್ದರೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ ರೂಪಾಯಿ ಎಂಬುದು ಯೋಜನೆಯ ಚೌಕಟ್ಟು. ಇದರಲ್ಲಿ ಕನಿಷ್ಠ ಶೇಕಡಾ 10ರಷ್ಟನ್ನು ಸ್ವಚ್ಛತೆಗೆ ವಿನಿಯೋಗಿಸಬೇಕು. ನಿಮ್ಮ ಶಾಲೆಯಲ್ಲಿ 96 ಮಕ್ಕಳಿದ್ದು ಇನ್ನೈದು ಮಕ್ಕಳು ಊರಿನಿಂದ ದೂರದ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದಾರೆಂದರೆ, ಜೂನ್ ತಿಂಗಳ ದಾಖಲಾತಿ ಆಂದೋಲನದಲ್ಲಿ ಆ ಐದು ಮನೆಗಳಿಗೆ ಹೋಗಿ ಮಾತನಾಡುವುದರ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಖರ್ಚಿನ ವಿಷಯದಲ್ಲಿ ಎರಡೇ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಬಹುಪಾಲು ತೊಂದರೆಗಳು ತಪ್ಪುತ್ತವೆ. ಖಾಲಿ ಚೆಕ್ಕಿಗೆ ಎಂದಿಗೂ ಸಹಿ ಹಾಕಬೇಡಿರಿ, ಎಷ್ಟೇ ತುರ್ತೆಂದರೂ, ಎಷ್ಟೇ ಒಳ್ಳೆಯವರು ಕೇಳಿದರೂ. ಠರಾವಿಲ್ಲದೆ ಖರ್ಚು ಬೇಡ, ಬಿಲ್ಲಿಲ್ಲದೆ ಪಾವತಿ ಬೇಡ. ವರ್ಷಕ್ಕೆ ಎರಡು ಬಾರಿ ಜಮಾ ಖರ್ಚಿನ ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಶಾಲೆಯ ಹೊರಗೋಡೆಯ ಫಲಕದಲ್ಲಿ ಹಾಕಿರಿ. ಗುಮಾನಿ ಹುಟ್ಟುವುದು ಲೆಕ್ಕ ತಪ್ಪಾಗಿರುವಲ್ಲಿ ಮಾತ್ರವಲ್ಲ, ಲೆಕ್ಕ ಕಾಣದಿರುವಲ್ಲಿಯೂ.

ಪೋಷಕರಿಂದ ಹಣ ಸಂಗ್ರಹಿಸುವ ವಿಚಾರ ಬಂದಾಗ ಬಹಳ ಎಚ್ಚರ ಬೇಕು. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಸಮಿತಿಗಳಿಗೆ ಅವಕಾಶ ಕೊಡುವ ಸುತ್ತೋಲೆ ಹೊರಟು, ತೀವ್ರ ವಿರೋಧದಿಂದ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಲ್ಪಟ್ಟಿತು. ಆ ವಿರೋಧ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಉಚಿತ ಶಿಕ್ಷಣವೆಂದು ಕಾನೂನು ಹೇಳಿದ ಮೇಲೆ, ಸ್ವಇಚ್ಛೆಯ ದೇಣಿಗೆಯೆಂದು ಕರೆದರೂ ಕೊಡಲಾಗದ ಪೋಷಕರ ಮಗು ತರಗತಿಯಲ್ಲಿ ತಲೆತಗ್ಗಿಸಿ ಕೂರುವಂತಾಗುತ್ತದೆ. ಹಳೆಯ ವಿದ್ಯಾರ್ಥಿಗಳು, ಊರಿನ ದಾನಿಗಳು ತಾವಾಗಿ ಕೊಟ್ಟರೆ ರಸೀದಿ ಕೊಟ್ಟು ಸ್ವೀಕರಿಸಿರಿ; ಸಾಧ್ಯವಾದಷ್ಟೂ ಹಣದ ಬದಲು ವಸ್ತುವಿನ ರೂಪದಲ್ಲಿ ಪಡೆದು ದಾಸ್ತಾನು ವಹಿಯಲ್ಲಿ ಏರಿಸಿರಿ.

ಶಾಲಾ ಅಭಿವೃದ್ಧಿ ಯೋಜನೆಯು ಕಾಯ್ದೆಯ 22ನೆಯ ಕಲಮಿನ ಪ್ರಕಾರ ಸಮಿತಿಯೇ ತಯಾರಿಸಬೇಕಾದದ್ದು, ಮತ್ತು ಸರ್ಕಾರವು ಮಾಡುವ ಯೋಜನೆ ಹಾಗೂ ಅನುದಾನಗಳಿಗೆ ಅದೇ ಆಧಾರವಾಗಬೇಕೆಂದು ಆ ಕಲಮು ಹೇಳುತ್ತದೆ. ಮುಂದಿನ ಮೂರು ವರ್ಷಗಳಲ್ಲಿ ತರಗತಿವಾರು ಎಷ್ಟು ಮಕ್ಕಳಿರುತ್ತಾರೆ, ಎಷ್ಟು ಶಿಕ್ಷಕರು ಬೇಕು, ಯಾವ ಕೊಠಡಿ, ಶೌಚಾಲಯ, ಇಳಿಜಾರು ದಾರಿ, ಕಾಂಪೌಂಡ್ ಬೇಕು, ಅದಕ್ಕೆ ಹಣವೆಷ್ಟು ಎಂಬುದನ್ನು ವರ್ಷವಾರು ಬರೆಯಬೇಕು. ಅಂಗನವಾಡಿಯಲ್ಲಿರುವ ಮಕ್ಕಳನ್ನು ಎಣಿಸಿದರೆ ಮುಂದಿನ ವರ್ಷಗಳ ಒಂದನೆಯ ತರಗತಿಯ ಅಂದಾಜು ಸಿಗುತ್ತದೆ. ಮುಖ್ಯ ಶಿಕ್ಷಕರೊಬ್ಬರೇ ಹಳೆಯ ಯೋಜನೆಯ ದಿನಾಂಕ ತಿದ್ದಿ ಕಳುಹಿಸುವ ರೂಢಿಯನ್ನು ನಿಲ್ಲಿಸಿ, ದಸರಾ ರಜೆ ಮುಗಿದ ಮೇಲೆ ಎರಡು ಸಭೆಗಳನ್ನು ಇದಕ್ಕೆಂದೇ ಮೀಸಲಿಟ್ಟು, ಡಿಸೆಂಬರ್ ಅಂತ್ಯದೊಳಗೆ ಯೋಜನೆ ಮುಗಿಸಿ, ಗ್ರಾಮ ಪಂಚಾಯಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮ ಸಭೆಯಲ್ಲಿ ಅದನ್ನು ಓದಿಸಿರಿ. ಉದ್ಯೋಗ ಖಾತರಿಯ ಕಾಮಗಾರಿಯಾಗಿ ಕಾಂಪೌಂಡ್, ಆಟದ ಮೈದಾನ, ಶೌಚಾಲಯ ಪಡೆದ ಶಾಲೆಗಳು ರಾಜ್ಯದಲ್ಲಿ ಸಾಕಷ್ಟಿವೆ. ಪಂಚಾಯಿತಿಯ ಕ್ರಿಯಾ ಯೋಜನೆ ಸಿದ್ಧವಾಗುವ ಮೊದಲೇ ಹೋಗಿ ಕೇಳಿದವರ ಶಾಲೆಗಳು ಅವು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ತಾವೇ ಎದ್ದು ನಿಂತು ಕೇಳಿದ ಬೇಡಿಕೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಸುಲಭವಾಗಿ ಬದಿಗಿಡಲಾರರು, ಆದ್ದರಿಂದ ಅದರ ದಿನಾಂಕವನ್ನೂ ಮೊದಲೇ ತಿಳಿದುಕೊಂಡಿರಿ.

ಕಚೇರಿಗೆ ಕೊಡುವ ಪ್ರತಿಯೊಂದು ಮನವಿಯೂ ಠರಾವಿನ ಪ್ರತಿಯೊಂದಿಗೆ ಬರವಣಿಗೆಯಲ್ಲಿರಲಿ, ಟಪಾಲು ಮೊಹರು ಬಿದ್ದ ನಕಲು ನಿಮ್ಮ ಕಡತದಲ್ಲಿರಲಿ. ತಿಂಗಳಾದರೂ ಉತ್ತರ ಬಾರದಿದ್ದರೆ ಹಿಂಬರಹ ಕೇಳಿ ಮತ್ತೊಂದು ಪತ್ರ ಬರೆಯಿರಿ. ಮಕ್ಕಳ ಹಕ್ಕಿನ ಉಲ್ಲಂಘನೆಯ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಕಲಮು ಹೇಳುತ್ತದೆ. ಆ ತೀರ್ಮಾನದ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಬಿಸಿಯೂಟ

ಊಟದ ಅಳತೆಯನ್ನು ಪ್ರತಿಯೊಬ್ಬ ಸದಸ್ಯರೂ ಬಾಯಿಪಾಠ ಮಾಡಿರಬೇಕು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರೆಗೆ 150, 30, 75 ಮತ್ತು 7.5 ಗ್ರಾಂ. ಹಾಗೆಂದರೆ 80 ಚಿಕ್ಕ ಮಕ್ಕಳು ಹಾಜರಿದ್ದ ದಿನ 8 ಕಿಲೋ ಅಕ್ಕಿ, 1.6 ಕಿಲೋ ಬೇಳೆ, 4 ಕಿಲೋ ತರಕಾರಿ, 400 ಗ್ರಾಂ ಎಣ್ಣೆ ಒಲೆಗೆ ಹೋಗಬೇಕು. ಸಾರಿನಲ್ಲಿ ತರಕಾರಿ ಕಾಣದಿದ್ದರೆ ಜಗಳಕ್ಕಿಂತ ತಕ್ಕಡಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಡಿಸುವ ಮೊದಲು ಶಿಕ್ಷಕರೊಬ್ಬರ ಜೊತೆ ಪೋಷಕರೊಬ್ಬರೂ ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕು. ಇದಕ್ಕೆ ತಾಯಂದಿರ ಸರದಿಯನ್ನು ತಿಂಗಳ ಆರಂಭದಲ್ಲಿಯೇ ಬರೆದು ಗೋಡೆಗೆ ಹಚ್ಚಿರಿ.

ಅಡುಗೆಯವರ ಜಾತಿಯ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಕಳುಹಿಸದ ಪೋಷಕರು, ಬೇರೆ ಪಂಕ್ತಿ ಮಾಡುವ ಊರುಗಳು ಇಂದಿಗೂ ಇಲ್ಲದಿಲ್ಲ. ಇಂತಹ ಸಂದರ್ಭದಲ್ಲಿ ಅಧ್ಯಕ್ಷರು ಮಧ್ಯಸ್ಥಿಕೆಯ ಹೆಸರಿನಲ್ಲಿ ಅಡುಗೆಯವರನ್ನು ಬದಲಿಸಲು ಒಪ್ಪಬಾರದು. ಅಸ್ಪೃಶ್ಯತೆಯ ಆಚರಣೆ ಅಪರಾಧವೆಂಬುದನ್ನು ಸಭೆಯಲ್ಲಿ ಸ್ಪಷ್ಟವಾಗಿ ಹೇಳಿ, ಸಮಿತಿಯ ಎಲ್ಲ ಸದಸ್ಯರೊಡನೆ ಅದೇ ಪಂಕ್ತಿಯಲ್ಲಿ ಕುಳಿತು ಅದೇ ಊಟ ಮಾಡಿರಿ. ಶೌಚಾಲಯ ತೊಳೆಯುವ ಕೆಲಸವನ್ನು ಮಕ್ಕಳಿಂದ, ಅದರಲ್ಲಿಯೂ ಒಂದು ಕೇರಿಯ ಮಕ್ಕಳಿಂದ, ಮಾಡಿಸುವುದಕ್ಕೂ ಇದೇ ದೃಢತೆಯಿಂದ ತಡೆಯೊಡ್ಡಬೇಕು.

ಮಕ್ಕಳ ಸುರಕ್ಷತೆ

ಹೊಡೆತ ಮತ್ತು ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. ‘ನಾಲ್ಕು ಬಿಗಿಯಿರಿ ಮೇಷ್ಟ್ರೇ’ ಎಂದು ಪೋಷಕರೇ ಅನುಮತಿ ಕೊಟ್ಟರೂ ಅದು ಅನುಮತಿಯಾಗುವುದಿಲ್ಲವೆಂದು ಪೋಷಕರ ಸಭೆಯಲ್ಲಿ ತಿಳಿಸಿರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಸಮಿತಿಯಲ್ಲಿ ವಿಚಾರಣೆ, ರಾಜಿ, ಪಂಚಾಯಿತಿ ಯಾವುದನ್ನೂ ಮಾಡಬಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಡಿ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಕರೆ ಮಾಡಿರಿ. ಮಗುವಿನ ಹೆಸರನ್ನು ನಡಾವಳಿಯಲ್ಲಿಯಾಗಲಿ ವಾಟ್ಸ್‌ಆ್ಯಪ್‌ನಲ್ಲಿಯಾಗಲಿ ಎಲ್ಲಿಯೂ ಬರೆಯಬೇಡಿರಿ.

ಹೊಣೆ ಬಿಟ್ಟುಕೊಡುವಾಗ

ನಿಮ್ಮ ಅವಧಿ ಮುಗಿದಾಗ, ಅಥವಾ ಅದಕ್ಕೆ ಮೊದಲೇ ನಿಮ್ಮ ಮಗು ಆ ಶಾಲೆಯ ಓದು ಮುಗಿಸಿ ಹೊರಟಾಗ, ಅಧ್ಯಕ್ಷ ಸ್ಥಾನವೂ ಮುಗಿಯುತ್ತದೆ. ಆ ದಿನಕ್ಕೆ ಒಂದು ವರ್ಷ ಮೊದಲೇ ಉಪಾಧ್ಯಕ್ಷರನ್ನು ಬ್ಯಾಂಕಿಗೆ, ಶಿಕ್ಷಣಾಧಿಕಾರಿಗಳ ಕಚೇರಿಗೆ, ಪಂಚಾಯಿತಿಗೆ ನಿಮ್ಮೊಂದಿಗೆ ಕರೆದೊಯ್ಯಲು ತೊಡಗಿರಿ. ಹೊಸ ಸಮಿತಿಯ ಆಯ್ಕೆಯು ನಾಲ್ಕು ಮಂದಿ ಮುಖಂಡರ ಜಗಲಿಯ ಮೇಲೆ ನಡೆಯದೆ, ಎಲ್ಲ ಪೋಷಕರನ್ನು ಕರೆದ ಸಭೆಯಲ್ಲಿ, ಡಂಗುರ ಸಾರಿ ತಿಳಿಸಿದ ದಿನದಂದು ನಡೆಯುವಂತೆ ನೋಡಿಕೊಳ್ಳಿರಿ. ಅನಂತರ ವಹಿಗಳು, ಪಾಸ್‌ಬುಕ್, ಚೆಕ್ ಪುಸ್ತಕದ ಉಳಿದ ಹಾಳೆಗಳ ಸಂಖ್ಯೆ, ಇತ್ಯರ್ಥವಾಗದ ಮನವಿಗಳ ಕಡತ, ಬೀರುವಿನ ಬೀಗದ ಕೈ ಇವುಗಳ ಪಟ್ಟಿ ಮಾಡಿ ಎರಡೂ ಕಡೆಯವರ ಸಹಿಯೊಂದಿಗೆ ಒಪ್ಪಿಸಿರಿ. ಜಂಟಿ ಖಾತೆಯ ಸಹಿದಾರರ ಬದಲಾವಣೆಗೆ ಹೊಸ ಸಮಿತಿಯ ಠರಾವಿನ ದೃಢೀಕೃತ ಪ್ರತಿಯನ್ನು ಬ್ಯಾಂಕು ಕೇಳುತ್ತದೆ. ಅದನ್ನು ಅದೇ ವಾರ ಕೊಟ್ಟು, ಹಳೆಯ ಸಹಿ ರದ್ದಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ನಿಮ್ಮ ಹೊಣೆ ಕಳೆಯುತ್ತದೆ.